ಬಜಪೆಯ ಗುಡ್ಡ ಮತ್ತು ಆಕಾಶದ ಲೆಕ್ಕ

ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಬಜಪೆಯ ಗುಡ್ಡದ ಅಂಚಿನಲ್ಲಿ ನಿಂತು ಪಡುವಣ ದಿಕ್ಕನ್ನು ನೋಡಿದ್ದು ನಮ್ಮ ಬಾಲ್ಯದ ಹಳೆಯ ನೆನಪುಗಳಲ್ಲಿ ಒಂದು. ಅಬ್ಬಾರ ಕೈ ಹಿಡಿದುಕೊಂಡು ಹೋಗಿದ್ದೆವು. ನಮ್ಮ ಮನೆಯಲ್ಲಿ ಉರ್ದು, ಸುತ್ತಮುತ್ತ ಬ್ಯಾರಿ ಮತ್ತು ತುಳು. ಗುಡ್ಡದ ಮೇಲೆ ಮೂರೂ ಭಾಷೆಯ ಜನ ಒಂದೇ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ದೂರ ಸಮುದ್ರದ ಮೇಲೆ ಒಂದು ಬೆಳ್ಳಗಿನ ಮಿಂಚು ಕಂಡಿತು. ನಾವು ಕೂಗಿಯೇಬಿಟ್ಟೆವು. ಪಕ್ಕದಲ್ಲಿದ್ದ ಒಬ್ಬರು ಮುದುಕ ಕಾಕ ನಕ್ಕು, “ಅದು ಚಂದ್ರ ಅಲ್ಲ ಮಗಾ, ಯಾರದೋ ಮಗ ದುಬೈಗೆ ಹೋಗುವುದು” ಎಂದರು.

ಆ ಸಂಜೆ ಚಂದ್ರ ಕಾಣಿಸಿತೋ ಇಲ್ಲವೋ ನೆನಪಿಲ್ಲ. ಕಾಕನ ಮಾತು ಮಾತ್ರ ಉಳಿಯಿತು. ಹಿಲಾಲನ್ನು ಹುಡುಕುವ ಕಣ್ಣಿಗೆ ವಿಮಾನ ಸಿಕ್ಕಿದ್ದು, ಆ ವಿಮಾನದೊಳಗೆ ಯಾವುದೋ ಮನೆಯ ಮಗ ಕೂತಿದ್ದಾನೆಂದು ಆ ಮುದುಕರಿಗೆ ತಕ್ಷಣ ತೋಚಿದ್ದು, ಇವೆರಡನ್ನೂ ಸೇರಿಸಿ ಯೋಚಿಸಲು ನಮಗೆ ಬಹಳ ವರ್ಷ ಬೇಕಾಯಿತು. ವಿಜ್ಞಾನ ಮತ್ತು ಸಾಹಿತ್ಯ, ವಿಜ್ಞಾನ ಮತ್ತು ಧರ್ಮ ಎಂದು ವೇದಿಕೆಗಳ ಮೇಲೆ ನಡೆಯುವ ಚರ್ಚೆಗಳು ನಮಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಲ್ಲಿ ಎರಡು ಕಡೆಯವರೂ ಮೊದಲೇ ಗೆದ್ದು ಬಂದಿರುತ್ತಾರೆ. ಒಂದು ಊರಿನ ಗುಡ್ಡದ ಮೇಲೆ ನಿಂತು ನೋಡಿದರೆ ವಿಷಯ ಬೇರೆಯಾಗಿಯೇ ಕಾಣುತ್ತದೆ.

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಜಪೆಗೆ ಬಂದಿಳಿದರು. ವಿಮಾನ ನಿಲ್ದಾಣ ಆರಂಭವಾದದ್ದು ಹಾಗೆ. ಮುರಕಲ್ಲಿನ ಗುಡ್ಡದ ನೆತ್ತಿಯನ್ನು ಮಟ್ಟಸಮಾಡಿ ಮಾಡಿದ ಜಾಗ ಅದು. ರನ್‌ವೇ ಮುಗಿದಲ್ಲಿ ನೆಲವೂ ಮುಗಿದು ಕಣಿವೆ ಶುರುವಾಗುತ್ತದೆ. ಎಂಜಿನಿಯರುಗಳು ಇದನ್ನು ಟೇಬಲ್ ಟಾಪ್ ಎನ್ನುತ್ತಾರೆ. ಹಳೆಯ ರನ್‌ವೇಯ ಉದ್ದ 1,615 ಮೀಟರ್. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಇಳಿಯುವಾಗ ರನ್‌ವೇ ದಾಟಿ ಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2006ರ ಮೇಯಲ್ಲಿ 2,450 ಮೀಟರಿನ ಹೊಸ ರನ್‌ವೇ ತೆರೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದುಬೈಗೆ ನೇರ ವಿಮಾನ ಹೊರಟಿತು. ಅಲ್ಲಿಯ ತನಕ ಕೊಲ್ಲಿಗೆ ಹೋಗುವವರು ಬೊಂಬಾಯಿಯ ಬಸ್ಸು ಹತ್ತಬೇಕಿತ್ತು. ಅದಕ್ಕೂ ಹಿಂದೆ ಹಜ್ಜಿಗೆ ಹೋಗುವವರು ಅದೇ ಬೊಂಬಾಯಿಯಿಂದ ಹಡಗು ಹಿಡಿಯುತ್ತಿದ್ದರು. ಹಡಗಿನ ಹಜ್ಜ್ ಯಾತ್ರೆ 1995ರ ಹೊತ್ತಿಗೆ ನಿಂತೇಹೋಯಿತು. ಹಡಗಿನ ಹಾಜಿಗಳು ವಾರಗಟ್ಟಲೆ ನೀರು ನೋಡುತ್ತ ಹೋಗಿ, ಮನೆಗೆ ಬಂದು ತಿಂಗಳುಗಟ್ಟಲೆ ಕಥೆ ಹೇಳುತ್ತಿದ್ದರು. ವಿಮಾನದ ಹಾಜಿಗಳ ಕಥೆ ಝಮ್‌ಝಮ್ ಹಂಚುವಷ್ಟರಲ್ಲಿ ಮುಗಿಯುತ್ತದೆ. ಯಂತ್ರವೊಂದು ಕಥೆಯ ಉದ್ದವನ್ನು ಹೇಗೆ ಕತ್ತರಿಸುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಆದರೆ ಹಾರುವ ಕಥೆಗಳು ವಿಮಾನಕ್ಕಿಂತ ಬಹಳ ಹಳೆಯವು. ದಾದಿ ನಮಗೆ ಹಝ್ರತ್ ಸುಲೈಮಾನರನ್ನು ಗಾಳಿ ಹೊತ್ತೊಯ್ಯುತ್ತಿದ್ದ ಕಥೆ ಹೇಳುತ್ತಿದ್ದರು. ಪಕ್ಕದ ಮನೆಯ ಗೆಳೆಯನಿಗೆ ಅವನ ಅಜ್ಜಿ ಪುಷ್ಪಕ ವಿಮಾನದ ಕಥೆ. ಉರ್ದುವಿನಲ್ಲಿ ‘ತಿಲಿಸ್ಮೆ ಹೋಶ್‌ರುಬಾ’ ಎಂಬ ಮಹಾ ದಾಸ್ತಾನ್ ಇದೆ. 1883ರಿಂದ ಲಖ್ನೋದ ನವಲ್ ಕಿಶೋರ್ ಮುದ್ರಣಾಲಯ ಅದನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿತು. ಅದರಲ್ಲಿ ಜಾದೂಗಾರರು ಹಾರದ ಪುಟ ಸಿಗುವುದು ಕಷ್ಟ. ಹಾರುವ ಆಸೆ ಮೊದಲು ಕಥೆಯಲ್ಲಿ ಹುಟ್ಟಿತು, ಲೆಕ್ಕ ಆಮೇಲೆ ಬಂತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಥೆಯನ್ನೇ ಲೆಕ್ಕವೆಂದು ಮಾರಲು ಹೊರಟಾಗ ತೊಂದರೆ ಶುರುವಾಗುತ್ತದೆ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಗ್ರಂಥ ಭರದ್ವಾಜ ಮಹರ್ಷಿಗಳದ್ದು ಎಂದು ಪ್ರಚಾರವಾಯಿತು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ಬಾಯಲ್ಲಿ ಹೇಳಿ ಬರೆಸಿದ್ದರು. 1973ರಲ್ಲಿ ಮೈಸೂರಿನಲ್ಲಿ ಜಿ.ಆರ್. ಜೋಯ್ಸರ್ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಆ ಗ್ರಂಥವನ್ನು ಕೂತು ಓದಿದರು. ಭಾಷೆಯನ್ನು ನೋಡಿ ಅದು 1904ಕ್ಕಿಂತ ಹಿಂದಿನದಲ್ಲವೆಂದರು. ಚಿತ್ರಗಳನ್ನು ನೋಡಿ ಆ ವಿಮಾನಗಳಲ್ಲಿ ಒಂದೂ ಹಾರಲಾರದೆಂದರು. ನಮಗೆ ಮೆಚ್ಚುಗೆಯಾಗುವುದು ತೀರ್ಪಿಗಿಂತ ಹೆಚ್ಚಾಗಿ ಅವರ ಶ್ರಮ. ನಕ್ಕು ಬಿಟ್ಟುಬಿಡಬಹುದಿತ್ತು. ಬಿಡದೆ, ಗೌರವ ಕೊಟ್ಟು ಪರೀಕ್ಷಿಸಿ, ಆಮೇಲೆ ತಿರಸ್ಕರಿಸಿದರು.

ಇದನ್ನು ಓದಿ ನಮ್ಮ ಸಮುದಾಯದ ಓದುಗರು ಒಳಗೊಳಗೇ ಖುಷಿಪಡುವುದು ಬೇಡ. ನಮ್ಮ ಮನೆಯಲ್ಲೂ ಇಂಥ ಸಾಮಾನು ಬೇಕಾದಷ್ಟಿದೆ. ಒಂಬತ್ತನೆಯ ಶತಮಾನದಲ್ಲಿ ಕೊರ್ಡೋವಾದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದರು ಎಂಬುದನ್ನು ನಮ್ಮ ಸಭೆಗಳಲ್ಲಿ ರೈಟ್ ಸಹೋದರರಿಗೆ ಉತ್ತರವೆಂಬಂತೆ ಹೇಳಲಾಗುತ್ತದೆ. ಆ ಕಥೆ ನಮಗೆ ಮುಖ್ಯವಾಗಿ ಬಂದಿರುವುದು ಅಲ್ ಮಖ್ಖರಿ ಎಂಬ ಇತಿಹಾಸಕಾರನಿಂದ, ಅವನು ಹದಿನೇಳನೆಯ ಶತಮಾನದವನು. ನಡುವೆ ಏಳುನೂರಕ್ಕೂ ಹೆಚ್ಚು ವರ್ಷ. ಇಳಿಯುವಾಗ ಬಾಲದ ವಿಷಯ ಮರೆತು ಬೆನ್ನು ನೋಯಿಸಿಕೊಂಡರೆಂದೂ ಅದರಲ್ಲಿದೆ. ಈ ಬಾಲದ ಮಾತೇ ನಮಗೆ ಕಥೆಯ ಅತ್ಯಂತ ನಂಬಬಹುದಾದ ಭಾಗ. ಬರೀ ಹೊಗಳಲು ಕೂತವನು ಬೆನ್ನುನೋವನ್ನು ಸೇರಿಸುವುದಿಲ್ಲ.

ಇಂಥ ಕಥೆಗಳ ಪಕ್ಕದಲ್ಲಿ ಇಡಬೇಕಾದದ್ದು ಟಿಪ್ಪುವಿನ ರಾಕೆಟ್. ಬಿದಿರಿಗೋ ಕಾಗದಕ್ಕೋ ಮದ್ದು ತುಂಬಿದ ಬಾಣಗಳು ಬೇರೆ ಕಡೆಯೂ ಇದ್ದವು. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಅದರಿಂದ ಒಳಗಿನ ಒತ್ತಡ ಹೆಚ್ಚಿತು, ದೂರವೂ ಹೆಚ್ಚಿತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರು ಅದರ ಏಟು ತಿಂದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟನ್ನು ಅವುಗಳ ಮೇಲೆ ಕಟ್ಟಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರದಷ್ಟು ರಾಕೆಟ್ ಕೊಳವೆಗಳು ಹೊರಬಂದವು, ತುಕ್ಕು ಹಿಡಿದು, ಮದ್ದು ಇನ್ನೂ ಒಳಗಿದ್ದಂತೆ. ಕೈಯಲ್ಲಿ ಎತ್ತಿ ತೂಗಬಹುದಾದ ಇತಿಹಾಸ ಇದು. ಇಂಥದ್ದು ಇರುವಾಗ ಏಳುನೂರು ವರ್ಷ ತಡವಾಗಿ ಬಂದ ರೆಕ್ಕೆಗಳ ಮೇಲೆ ನಮ್ಮ ಮಾನವನ್ನು ಯಾಕೆ ಕೂರಿಸಬೇಕು?

ಚಂದ್ರನ ವಿಷಯಕ್ಕೆ ಬರೋಣ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಝಾನ್ ಕೇಳಿದ, ಆಮೇಲೆ ಈಜಿಪ್ಟಿಗೋ ಎಲ್ಲಿಗೋ ಬಂದಾಗ ಅದೇ ದನಿ ಕೇಳಿ ಇಸ್ಲಾಂ ಸ್ವೀಕರಿಸಿದ ಎಂಬ ಕಥೆಯನ್ನು ನಾವು ಎಂಟು ಹತ್ತು ವರ್ಷದವರಿದ್ದಾಗ ಒಂದು ವಅಳ್‌ನಲ್ಲಿ ಕೇಳಿದೆವು. ಮೈ ಜುಮ್ಮೆಂದಿತು. ಮನೆಗೆ ಬಂದು ಅಬ್ಬಾರಿಗೆ ಹೇಳಿದೆವು. ಅವರು ಹೈಸ್ಕೂಲಿನ ತನಕ ಓದಿದವರು. “ಬೇಟಾ, ಅಲ್ಲಿ ಗಾಳಿಯೇ ಇಲ್ಲ, ಆವಾಜ್ ಹೇಗೆ ಬರುತ್ತದೆ?” ಎಂದಷ್ಟೇ ಕೇಳಿ ಪತ್ರಿಕೆ ಓದತೊಡಗಿದರು. ನಮಗೆ ಅವರ ಮೇಲೆ ಎರಡು ದಿನ ಕೋಪವಿತ್ತು. ಬಹಳ ವರ್ಷಗಳ ಮೇಲೆ ತಿಳಿಯಿತು: ಆ ವದಂತಿ ಎಷ್ಟು ಹಬ್ಬಿತ್ತೆಂದರೆ 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮುಸ್ಲಿಂ ದೇಶಗಳಲ್ಲಿರುವ ತನ್ನ ಕಚೇರಿಗಳಿಗೆ, ಆರ್ಮ್‌ಸ್ಟ್ರಾಂಗ್ ಮತಾಂತರವಾಗಿಲ್ಲ, ಆದರೆ ಯಾರ ಮನಸ್ಸನ್ನೂ ನೋಯಿಸುವ ಇಚ್ಛೆ ಅವರಿಗಿಲ್ಲ ಎಂಬ ಅರ್ಥದ ಸಂದೇಶ ಕಳಿಸಬೇಕಾಯಿತು.

ಈ ಕಥೆ ಹುಟ್ಟಿದ್ದಾದರೂ ಯಾಕೆ? 1969ರ ಜುಲೈಯಲ್ಲಿ ಇಬ್ಬರು ಮನುಷ್ಯರು ಚಂದ್ರನ ಮೇಲೆ ನಡೆದಾಗ ಉರ್ದು ಕವಿಗೂ ನಮ್ಮಂಥ ಸಾಮಾನ್ಯ ಮುಸ್ಲಿಮನಿಗೂ ಒಂದೇ ಬಗೆಯ ಗಾಬರಿಯಾಯಿತು. ಕವಿ ಶತಮಾನಗಳಿಂದ ಪ್ರೇಯಸಿಯ ಮುಖವನ್ನು ಅಲ್ಲಿ ನೋಡಿದ್ದ. ನಾವು ರೋಝಾ ಮತ್ತು ಈದನ್ನು ಅಲ್ಲಿಂದ ಪಡೆಯುತ್ತಿದ್ದೆವು. ಈಗ ಅಲ್ಲಿ ಧೂಳು, ಬೂಟಿನ ಗುರುತು. ಬೇರೆಯವರ ಹೆಜ್ಜೆ ಬಿದ್ದ ಅಂಗಳದಲ್ಲಿ ನಮ್ಮದೂ ಒಂದು ದನಿ ಇರಲಿ ಎಂಬ ಆಸೆಯಿಂದ ಈ ಅಝಾನಿನ ಕಥೆ ಬಂದಿತೆಂದು ನಮ್ಮ ಊಹೆ. ಆಸೆ ಅರ್ಥವಾಗುತ್ತದೆ. ಆದರೆ ಗಾಳಿಯಿಲ್ಲದಲ್ಲಿ ಅಝಾನ್ ಹೊಗಿಸಿದವರು ಅಝಾನಿಗೆ ಯಾವ ಉಪಕಾರವನ್ನೂ ಮಾಡಲಿಲ್ಲ. ಹೊಸ ಸಂಶೋಧನೆ ಬಂದ ಮರುದಿನವೇ ಅದನ್ನು ಧರ್ಮಗ್ರಂಥದ ಯಾವುದೋ ಸಾಲಿನಲ್ಲಿ ಹುಡುಕಿ ತೆಗೆಯುವ ಅಭ್ಯಾಸದ ಬಗ್ಗೆಯೂ ನಮಗೆ ಇದೇ ದೂರು. ವಿಜ್ಞಾನ ತನ್ನ ಮಾತನ್ನು ಬದಲಿಸುತ್ತಲೇ ಇರುವ ಶಾಸ್ತ್ರ, ಅದು ಅದರ ಬಲ. ನಾಳೆ ಅದು ಮಾತು ಬದಲಿಸಿದಾಗ ಅದಕ್ಕೆ ಕಟ್ಟಿಹಾಕಿದ ಆಯತ್ತನ್ನು ಏನು ಮಾಡುತ್ತೀರಿ?

ನಿಜವಾಗಿ ನಮ್ಮ ಪರಂಪರೆಯಲ್ಲಿ ವಿಜ್ಞಾನ ಮತ್ತು ನಂಬಿಕೆ ಕೂಡಿದ್ದು ಇಷ್ಟು ಅಗ್ಗವಾಗಿ ಅಲ್ಲ. ಅಲ್ ಬಿರೂನಿಯ ಹೆಸರನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಸಂಸ್ಕೃತ ಕಲಿತು ಭಾರತದ ಬಗ್ಗೆ ಬರೆದವರು. ಅವರು ಪಂಜಾಬಿನ ನಂದನಾ ಕೋಟೆಯಲ್ಲಿ (ಈಗ ಪಾಕಿಸ್ತಾನದಲ್ಲಿದೆ) ಇದ್ದಾಗ ಒಂದು ಬೆಟ್ಟ ಹತ್ತಿದರು. ಬೆಟ್ಟದ ಎತ್ತರವನ್ನು ಮೊದಲೇ ಅಳೆದಿದ್ದರು. ತುದಿಯಲ್ಲಿ ನಿಂತು ದಿಗಂತ ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗೆ ಬಾಗಿದೆ ಎಂದು ನೋಡಿದರು. ಆ ಸಣ್ಣ ಕೋನದಿಂದ ಇಡೀ ಭೂಮಿಯ ತ್ರಿಜ್ಯವನ್ನು ಲೆಕ್ಕಹಾಕಿದರು. ಉತ್ತರ ಇಂದಿನ ಅಳತೆಗೆ ಬಹಳ ಹತ್ತಿರ ಎನ್ನುತ್ತಾರೆ, ಅವರ ಮೊಳ ಎಷ್ಟುದ್ದ ಎಂಬ ತಕರಾರು ಇದ್ದೇ ಇದೆ. ಅದನ್ನು ಅವರು ಬರೆದಿಟ್ಟ ಗ್ರಂಥದ ಗುರಿಗಳಲ್ಲಿ ಒಂದು ಘಝ್ನಿ ಪಟ್ಟಣದಿಂದ ಕಿಬ್ಲಾದ ದಿಕ್ಕನ್ನು ಸರಿಯಾಗಿ ಕಂಡುಹಿಡಿಯುವುದಾಗಿತ್ತು. ನಮಾಝಿಗೆ ಎತ್ತ ಮುಖಮಾಡಬೇಕು ಎಂಬ ಪ್ರಶ್ನೆ ಅವರನ್ನು ಭೂಮಿಯನ್ನೇ ಅಳೆಯುವ ತನಕ ಒಯ್ದಿತು.

ಅದೇ ಲೆಕ್ಕವನ್ನು ಬಜಪೆಯ ಗುಡ್ಡಕ್ಕೆ ಹಾಕಿ ನೋಡಿದೆವು. ನಮ್ಮ ಗಣಿತ ಅಷ್ಟಕ್ಕಷ್ಟೆ, ಆದರೂ ಇಷ್ಟು ಬರುತ್ತದೆ. ವಿಮಾನ ನಿಲ್ದಾಣ ಇರುವ ಎತ್ತರ ಸಮುದ್ರಮಟ್ಟದಿಂದ ಸುಮಾರು 103 ಮೀಟರ್. ಅಲ್ಲಿಂದ ಕಾಣುವ ಕಡಲಿನ ಅಂಚು ಸುಮಾರು 36 ಕಿಲೋಮೀಟರ್ ದೂರ. ಪಣಂಬೂರಿನ ಮರಳಿನಲ್ಲಿ ನಿಂತವನಿಗೆ ಸೂರ್ಯ ಮುಳುಗಿದ ಮೇಲೂ ಗುಡ್ಡದ ಮೇಲಿದ್ದವನಿಗೆ ಒಂದು ನಿಮಿಷದಷ್ಟು ಹೊತ್ತು ಕಾಣುತ್ತಿರುತ್ತಾನೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನದಲ್ಲಾದರೆ ಹತ್ತು ನಿಮಿಷಕ್ಕೂ ಹೆಚ್ಚು. ಪಡುವಣಕ್ಕೆ ಹಾರುತ್ತಿದ್ದರೆ ಇನ್ನೂ ಉದ್ದ. ಇಫ್ತಾರ್ ಯಾವಾಗ? ಕೆಳಗಿನ ಊರಿನ ಹೊತ್ತಿಗೋ, ಕಿಟಕಿಯಾಚೆ ಇನ್ನೂ ಹೊಳೆಯುತ್ತಿರುವ ಸೂರ್ಯ ಹೋದ ಮೇಲೋ? ಕಾಕ ತೋರಿಸಿದ ಆ ವಿಮಾನದ ಮಗನಿಗೆ ಇದು ತರ್ಕದ ಪ್ರಶ್ನೆಯಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು. 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಎದ್ದು ನಿಂತ ಮೇಲೆ 2011ರ ರಮಝಾನಿನಲ್ಲಿ ದುಬೈಯ ಮುಫ್ತಿಗಳು ಇದಕ್ಕೊಂದು ಅಚ್ಚುಕಟ್ಟಾದ ಉತ್ತರ ಕೊಟ್ಟರು: ಎಂಬತ್ತನೆಯ ಮಹಡಿಯಿಂದ ಮೇಲಿನವರು ಎರಡು ನಿಮಿಷ ಕಾಯಬೇಕು, ನೂರೈವತ್ತರ ಮೇಲಿನವರು ಮೂರು ನಿಮಿಷ. ಆ ಗೋಪುರದ ದುಡಿಮೆಯಲ್ಲಿ ನಮ್ಮ ಜಿಲ್ಲೆಯ ಹುಡುಗರೂ ಇದ್ದರು. 2007ರಲ್ಲಿ ಮಲೇಶಿಯಾದ ಶೇಖ್ ಮುಝಫ್ಫರ್ ಶುಕೂರ್ ರಮಝಾನಿನ ದಿನಗಳಲ್ಲೇ ಅಂತರಿಕ್ಷಕ್ಕೆ ಹೋದಾಗ ಅಲ್ಲಿಯ ವಿದ್ವಾಂಸರು ನಮಾಝ್, ಕಿಬ್ಲಾ, ಉಪವಾಸಗಳಿಗೆ ಒಂದು ಕೈಪಿಡಿಯನ್ನೇ ಸಿದ್ಧಪಡಿಸಿದರು. ಸಾಧ್ಯವಾದರೆ ಕಅಬಾದ ಕಡೆಗೆ, ಇಲ್ಲವಾದರೆ ಭೂಮಿಯ ಕಡೆಗೆ, ಅದೂ ಆಗದಿದ್ದರೆ ಯಾವ ಕಡೆಗಾದರೂ. ಫಿಕ್‌ಹ್‌ನ ಪುಟಗಳಲ್ಲಿ ಇಷ್ಟೊಂದು ಕವಿತೆಯಿದೆಯೆಂದು ನಮಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಮಂಗಳೂರಿನಿಂದ ಮಕ್ಕಾ ನೇರ ಪಡುವಣದಲ್ಲಿಲ್ಲ, ಪಡುವಣದಿಂದ ಸುಮಾರು 19 ಡಿಗ್ರಿ ಉತ್ತರಕ್ಕೆ ವಾಲಿದೆ. ಕೆಲವು ಹಳೆಯ ಮಸೀದಿಗಳಲ್ಲಿ ಗೋಡೆ ಒಂದು ದಿಕ್ಕಿಗೆ, ಆಮೇಲೆ ಎಳೆದ ಸಫ್‌ನ ಗೆರೆ ಇನ್ನೊಂದು ದಿಕ್ಕಿಗೆ ಇರುವುದನ್ನು ಓದುಗರೂ ಕಂಡಿರಬಹುದು. ಗೆರೆ ಎಳೆದ ದಿನ ಜಮಾಅತ್‌ನಲ್ಲಿ ಜಗಳವಾಗದೇ ಇರುವುದಿಲ್ಲ. ನಮ್ಮ ಅಜ್ಜ ಓದಿದ ನಮಾಝೆಲ್ಲ ಹಾಗಾದರೆ ಏನಾಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತನಗೆ ತಿಳಿದ ಮಟ್ಟಿಗೆ ಪ್ರಯತ್ನಿಸಿದವನ ನಮಾಝ್ ಸರಿಯೇ ಎಂದು ಉಸ್ತಾದರು ಸಮಾಧಾನ ಹೇಳುತ್ತಾರೆ.

ಚಂದ್ರದರ್ಶನದ ಜಗಳ ಇಷ್ಟು ಸುಲಭದ್ದಲ್ಲ. ಅಮಾವಾಸ್ಯೆಯ ಕ್ಷಣವನ್ನು ನೂರು ವರ್ಷ ಮೊದಲೇ ಹೇಳಬಹುದು. ಆದರೆ ಹಿಲಾಲ್ ಕಣ್ಣಿಗೆ ಕಾಣುವುದು ಬೇರೆ ಮಾತು. ಸೂರ್ಯನಿಂದ ಸುಮಾರು 7 ಡಿಗ್ರಿಗಿಂತ ಹತ್ತಿರವಿದ್ದರೆ ಹಿಲಾಲಿನ ಗೆರೆಯೇ ಮೂಡುವುದಿಲ್ಲವೆಂದು ಫ್ರೆಂಚ್ ಖಗೋಳಜ್ಞ ದಾಂಜೋನ್ 1930ರ ದಶಕದಲ್ಲಿ ತೋರಿಸಿದರು. ಅದರಾಚೆ ಮೋಡ, ತೇವ, ಕಣ್ಣಿನ ಶಕ್ತಿ. 2013ರಿಂದ 2018ರ ತನಕ ನಮ್ಮ ಕರಾವಳಿಯಲ್ಲಿ ಈದ್ ಬಂದದ್ದು ಮಳೆಗಾಲದಲ್ಲಿ. ಆ ಸಂಜೆಗಳಲ್ಲಿ ಗುಡ್ಡ ಹತ್ತಿದರೆ ಕೊಡೆಯ ಕಡ್ಡಿಗಳಷ್ಟೇ ಕಾಣುತ್ತಿದ್ದವು. ಲೆಕ್ಕವನ್ನೇ ಒಪ್ಪಿಕೊಳ್ಳೋಣ ಎನ್ನುವವರು ಒಂದು ಕಡೆ, ಕಣ್ಣಿನ ಸಾಕ್ಷಿಯೇ ಬೇಕೆನ್ನುವವರು ಇನ್ನೊಂದು ಕಡೆ. ನಾವು ಖಾಝಿಗಳಲ್ಲ, ತೀರ್ಪು ನಮ್ಮ ಕೆಲಸವಲ್ಲ. ಒಂದು ಮಾತು ಮಾತ್ರ ಹೇಳಬಹುದು. ಸೂರ್ಯನಿಗಿಂತ ಮೊದಲೇ ಚಂದ್ರ ಮುಳುಗಿದ ಸಂಜೆ ಯಾರಾದರೂ ಬಂದು ಕಂಡೆನೆಂದು ಸಾಕ್ಷಿ ಹೇಳಿದರೆ, ಆ ಸಾಕ್ಷಿಯನ್ನು ಅಳೆಯಲು ಲೆಕ್ಕ ಬೇಕು. ನಾವು ಕಂಡೆನೆಂದು ಕೂಗಿದಾಗ ಕಾಕ ಮಾಡಿದ್ದೂ ಅದನ್ನೇ.

ಕಣ್ಣಿನಿಂದ ಭಾಷೆಗೆ ಬಂದರೆ ಇನ್ನೊಂದು ಕಥೆ. ನಾವು ನಾಲ್ಕನೆಯ ತರಗತಿಯ ತನಕ ಉರ್ದು ಶಾಲೆಯಲ್ಲಿ ಕಲಿತು ಐದನೆಯದಕ್ಕೆ ಕನ್ನಡ ಶಾಲೆಗೆ ಬಂದವರು. ಭೂಮಿಯ ಸೆಳೆತಕ್ಕೆ ಉರ್ದುವಿನಲ್ಲಿ ‘ಕಶಿಶ್’ ಎಂಬ ಮಾತು ಬಳಸುತ್ತಾರೆ. ಗಝಲ್‌ಗಳಲ್ಲಿ ಪ್ರೇಯಸಿಯ ಕಣ್ಣಿಗೂ ಅದೇ ಕಶಿಶ್. ಹಾಗಾಗಿ ನ್ಯೂಟನ್ನಿನ ಸೇಬು ಪ್ರೀತಿಯಿಂದ ಬಿದ್ದಿತೆಂದು ನಾವು ಬಹಳ ಕಾಲ ನಂಬಿದ್ದೆವು. ಕನ್ನಡ ಶಾಲೆಯ ‘ಗುರುತ್ವಾಕರ್ಷಣೆ’ ಆ ಪ್ರೀತಿಯನ್ನು ಬಿಡಿಸಿ ಭಾರವನ್ನು ಹೊರಿಸಿತು. ರಸಾಯನಶಾಸ್ತ್ರಕ್ಕೆ ಉರ್ದುವಿನಲ್ಲಿ ಕೀಮಿಯಾ, ಅಂದರೆ ಚಿನ್ನ ಮಾಡುವ ವಿದ್ಯೆಯೂ ಹೌದು. ಕನ್ನಡದ ‘ರಸಾಯನ’ದಲ್ಲೂ ಮುಪ್ಪು ಕಳೆಯುವ ಮದ್ದಿನ ನೆನಪಿದೆ. ಎರಡು ಭಾಷೆಗಳೂ ತಮ್ಮ ಹಳೆಯ ಕನಸನ್ನು ಹೊಸ ಶಾಸ್ತ್ರದ ಹೆಸರಿನಲ್ಲಿ ಬಚ್ಚಿಟ್ಟಿವೆ. ‘ಆಮ್ಲಜನಕ’ದ ಕಥೆ ಇನ್ನೂ ಸ್ವಾರಸ್ಯ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲವೆಂದು ತಪ್ಪಾಗಿ ತಿಳಿದ ಲವಾಸಿಯೇ ಗ್ರೀಕ್ ಮಾತುಗಳಿಂದ ಆಕ್ಸಿಜನ್ ಎಂದು ಹೆಸರಿಟ್ಟ. ನಮ್ಮ ಪಂಡಿತರು ಅದನ್ನು ನಿಷ್ಠೆಯಿಂದ ಅನುವಾದಿಸಿದರು, ತಪ್ಪು ಸಮೇತ.

ಹೈದರಾಬಾದಿನ ನಿಝಾಮರು 1917ರಲ್ಲಿ ಅನುವಾದ ವಿಭಾಗ ತೆರೆದು, ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪಿಸಿದಾಗ, ವೈದ್ಯಕೀಯದ ತನಕ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸುವ ವ್ಯವಸ್ಥೆಯಾಯಿತು. ಕಲಬುರಗಿ, ಬೀದರ್, ರಾಯಚೂರಿನ ಕನ್ನಡ ಮಕ್ಕಳೂ ಆ ರಾಜ್ಯದವರೇ. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ಎರಡು ವರ್ಷ ನಡೆದು ನಿಂತಿತು. ಒಂದೇ ಹೊತ್ತಿಗೆ ಎರಡು ಕಡೆ ಒಂದೇ ಕೆಲಸ, ನಡುವೆ ಪತ್ರವ್ಯವಹಾರವೂ ಇದ್ದಂತೆ ಕಾಣುವುದಿಲ್ಲ. ಆಮೇಲೆ ನಮ್ಮ ಜಿಲ್ಲೆಯವರೇ ಆದ ಶಿವರಾಮ ಕಾರಂತರು ಬಂದರು. ಅಸಹಕಾರ ಚಳವಳಿಗೆಂದು ಕಾಲೇಜು ಬಿಟ್ಟವರು, ಕೈಯಲ್ಲಿ ವಿಜ್ಞಾನದ ಪದವಿಯಿಲ್ಲ. ಪುತ್ತೂರಿನಲ್ಲಿ ಕೂತು ಮಕ್ಕಳಿಗೆ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು, ದೊಡ್ಡವರಿಗೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಕಾದಂಬರಿಕಾರನಿಗೆ ಇದೆಲ್ಲ ಯಾಕೆ ಎಂದು ಕೇಳುವವರು ಅವರ ಕಾದಂಬರಿಗಳ ಮಣ್ಣು, ಮಳೆ, ಹೊಳೆಗಳನ್ನು ಇನ್ನೊಮ್ಮೆ ನೋಡಬೇಕು.

ಕನ್ನಡದಲ್ಲಿ ವಿಜ್ಞಾನ ಕಥೆಯ ಒಳಗೆ ಕರಗಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಎಂದು ನಮ್ಮ ತಿಳುವಳಿಕೆ. 1980ರ ಕಾದಂಬರಿ. ಪಶ್ಚಿಮಘಟ್ಟದ ಹಾರುವ ಓತಿಯನ್ನು ಹುಡುಕಿ ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯುವವನು, ಒಬ್ಬ ಕೃಷಿಕ ಕಾಡಿಗೆ ಹೋಗುತ್ತಾರೆ. ಕೊನೆಗೆ ಓತಿ ಸಿಗುತ್ತದೆ, ಪ್ರಪಾತದ ಕಡೆಗೆ ಹಾರಿ ಕಾಣದಾಗುತ್ತದೆ. ಹಾರುವ ಓತಿ ಕಟ್ಟುಕಥೆಯಲ್ಲ, ನಮ್ಮ ಅಡಿಕೆ ತೋಟಗಳಲ್ಲಿ ಇಂದಿಗೂ ಮರದಿಂದ ಮರಕ್ಕೆ ತೇಲುತ್ತದೆ. ದಾದಿಯ ಕಥೆಗಿಂತ ಇದು ದೊಡ್ಡ ಬೆರಗು ಎಂದು ನಮಗೆ ಮೊದಲು ಅನ್ನಿಸಿದ್ದು ಆ ಪುಸ್ತಕ ಓದಿದ ರಾತ್ರಿ. ಕಥೆ ಬರೆಯಲು ಕೂತದ್ದೂ ಆ ವರ್ಷವೇ.

ಅಚ್ಚಿನ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1843ರಲ್ಲಿ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಆಮೇಲೆ ಕನ್ನಡ ಮೊಳೆಗಳಿಗೆ ಹೋಯಿತು, ಉರ್ದು ಕಲ್ಲಿಗೇ ಅಂಟಿಕೊಂಡಿತು. ನಸ್ತಾಲಿಕ್‌ನ ಇಳಿಜಾರು ಮೊಳೆಗೆ ಒಗ್ಗಲಿಲ್ಲ. ಕಾತಿಬರ ಕೈಬರಹ ಹಾಗೆಯೇ ಉಳಿಯುವುದರಿಂದ ಕುರ್‌ಆನನ್ನು ಕಲ್ಲಚ್ಚಿನಲ್ಲಿ ಒಪ್ಪಿಕೊಳ್ಳುವುದು ಮನಸ್ಸಿಗೂ ಸುಲಭವಾಯಿತು. 1981ರಲ್ಲಿ ನೂರಿ ನಸ್ತಾಲಿಕ್ ಕಂಪ್ಯೂಟರಿಗೆ ಬರುವ ತನಕ ಉರ್ದು ಪತ್ರಿಕೆಯ ಪ್ರತಿ ಪುಟದ ಹಿಂದೆ ಒಬ್ಬ ಮನುಷ್ಯನ ಬೆರಳಿತ್ತು.

ಇಷ್ಟು ಬರೆದ ಮೇಲೆ 2010ರ ಮೇ 22ನ್ನು ದಾಟಿ ಹೋಗುವಂತಿಲ್ಲ.

ಶನಿವಾರ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದವರು 166 ಜನ. ಬದುಕಿದವರು 8. ಕಾಸರಗೋಡಿನಿಂದ ಉಡುಪಿಯ ತನಕ ಊರೂರಿಗೆ ಸುದ್ದಿ ಹೋಯಿತು. ಮದುವೆಗೆ ಬರುತ್ತಿದ್ದವರಿದ್ದರು, ತಾಯಿಯ ಮಯ್ಯಿತ್‌ಗೆ ಬರುತ್ತಿದ್ದವರಿದ್ದರು. ನಾವು ಆ ದಿನ ಒಂದು ಮನೆಯಲ್ಲಿ ಕೂತಿದ್ದೆವು. ಬಂದವರೆಲ್ಲ ಹೇಳಿದ್ದು ಒಂದೇ ಮಾತು, ಅಲ್ಲಾಹನ ವಿಧಿ. ಬೇರೆ ಏನು ಹೇಳಲು ಸಾಧ್ಯ? ನಾವೂ ಅದನ್ನೇ ಹೇಳಿದೆವು.

ಆಮೇಲೆ ತನಿಖೆಯ ವರದಿ ಬಂತು. ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿದ್ದರು, ಧ್ವನಿಮುದ್ರಣದಲ್ಲಿ ಗೊರಕೆಯಿತ್ತು. ಎಚ್ಚರವಾದವರ ಮೆದುಳು ಇನ್ನೂ ಜಡದಲ್ಲಿತ್ತು, ಅದೂ ದೇಹ ಸಹಜವಾಗಿ ಮಂಕಾಗುವ ಬೆಳಗಿನ ಹೊತ್ತು. ವಿಮಾನ ಬೇಕಾದದ್ದಕ್ಕಿಂತ ಬಹಳ ಎತ್ತರದಿಂದ ಇಳಿಯಿತು. ಸಹ ಪೈಲಟ್ ಮೂರು ಸಲ, ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಎಂದರು. ಚಕ್ರ ನೆಲ ಮುಟ್ಟಿದಾಗ ರನ್‌ವೇಯ ಸುಮಾರು 1,600 ಮೀಟರ್ ಆಗಲೇ ಕಳೆದಿತ್ತು. ಉಳಿದದ್ದು ಎಂಟುನೂರ ಚಿಲ್ಲರೆ. ಬ್ರೇಕ್ ಹಾಕಿದ ಮೇಲೆ ಮತ್ತೆ ಏರಲು ನೋಡಿದರು.

ನಾವು ಕೂತಿದ್ದ ಆ ಮನೆಗೆ ಒಂದು ವರ್ಷದ ಮೇಲೆ ಮತ್ತೆ ಹೋದಾಗ ಆ ಮನೆಯ ಉಮ್ಮ ಕೇಳಿದರು, “ಅವರು ನಿದ್ದೆ ಮಾಡಿದ್ದು ಕೂಡ ವಿಧಿಯಾ? ಮೂರು ಸಲ ಹೇಳಿದ್ದನ್ನು ಕೇಳದಿದ್ದದ್ದು?” ಅವರಿಗೆ ಓದು ಬರೆಹ ಅಷ್ಟಿಲ್ಲ. ಯಾರೋ ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೇಳಿದ್ದರು. ಖದ್ರ್ ಮತ್ತು ಕಾರಣಗಳ ನಡುವಿನ ಸಂಬಂಧದ ಬಗ್ಗೆ ನಮ್ಮ ವಿದ್ವಾಂಸರು ಸಾವಿರ ವರ್ಷ ಬರೆದಿದ್ದಾರೆ. ಒಂಟೆಯನ್ನು ಮೊದಲು ಕಟ್ಟಬೇಕೆಂಬ ಮಾತೂ ಎಲ್ಲರಿಗೆ ಗೊತ್ತು. ಅದೆಲ್ಲವನ್ನು ಆ ಉಮ್ಮನ ಎದುರು ಹೇಳಲು ನಮಗೆ ಬಾಯಿ ಬರಲಿಲ್ಲ. ವಿಧಿಯೆಂದು ಒಪ್ಪಿ ಅವರು ಒಂದು ವರ್ಷ ಅತ್ತಿದ್ದರು. ಈಗ ಕಾರಣ ತಿಳಿದು, ಬೇರೆ ರೀತಿಯಲ್ಲಿ ಅಳಬೇಕಾಗಿತ್ತು.

ಇನ್ನೊಂದು ಸಂಗತಿ. ಗುರುತು ಸಿಗದ 22 ದೇಹಗಳ ಮಾದರಿ ಹೈದರಾಬಾದಿನ ಡಿಎನ್‌ಎ ಕೇಂದ್ರಕ್ಕೆ ಹೋಯಿತು. ಹತ್ತು ಮನೆಯವರಿಗೆ ಹೊಂದಿಕೆಯಾಯಿತು. ಹನ್ನೆರಡು ಯಾರಿಗೂ ಹೊಂದಲಿಲ್ಲ. ಮೊದಲ ದಿನದ ಗಡಿಬಿಡಿಯಲ್ಲಿ ಕೆಲವು ಮನೆಗಳಿಗೆ ಬೇರೆಯವರ ದೇಹ ಹೋಗಿರಬಹುದೆಂಬ ಅನುಮಾನ ಆಗಲೇ ಎದ್ದಿತು. ಸುಟ್ಟ ಕೈಗಡಿಯಾರವನ್ನೋ ಬೆಲ್ಟನ್ನೋ ನೋಡಿ ನಮ್ಮವನೇ ಎಂದು ಒಯ್ದಿದ್ದರು. ಸಾವಿನ ಮನೆಯಲ್ಲಿ ಯಾರನ್ನು ದೂರುವುದು? ಆ ಹನ್ನೆರಡು ಜನರನ್ನು ಕೂಳೂರಿನ ಬಳಿ ಗುರುಪುರ ಹೊಳೆಯ ದಂಡೆಯಲ್ಲಿ, ಎಲ್ಲ ಧರ್ಮಗಳ ಪ್ರಾರ್ಥನೆ ಹೇಳಿ, ಸಾಲಾಗಿ ಮಣ್ಣು ಮಾಡಿದರು. ಅಂದರೆ ಯಾವುದೋ ಊರಿನ ಖಬರ್‌ಸ್ತಾನದಲ್ಲಿ ಮಗನೆಂದು ತಿಳಿದು ಫಾತಿಹಾ ಓದುತ್ತಿರುವ ಖಬರ್ ಇನ್ನಾರದೋ ಮಗನದ್ದಾಗಿರಬಹುದು. ಆ ಮಗ ಮುಸ್ಲಿಮನೇ ಆಗಿರಬೇಕೆಂದೂ ಇಲ್ಲ.

ನಾವು ಇದನ್ನು ಕಥೆಯಾಗಿ ಬರೆಯಲು ಮೂರು ಸಲ ಕೂತಿದ್ದೇವೆ. ಕಥೆಯಲ್ಲಿ ಒಬ್ಬ ತಾಯಿಗೆ ವರ್ಷಗಳ ಮೇಲೆ ಸತ್ಯ ತಿಳಿಯುತ್ತದೆ, ರಕ್ತದ ಒಂದು ಹನಿಯಿಂದ ತಿಳಿಯಬಹುದಾದ ಸತ್ಯ. ಅಲ್ಲಿಗೆ ಬಂದು ಪ್ರತಿ ಸಲವೂ ಪೆನ್ನು ನಿಲ್ಲುತ್ತದೆ. ಅವಳಿಗೆ ಹೇಳಬೇಕೋ ಬೇಡವೋ ಎಂದು ಗೊತ್ತಾಗದೆ ಹಾಳೆಯನ್ನು ಮಡಿಸಿ ಇಡುತ್ತೇವೆ. ಕಳೆದ ರಮಝಾನಿನ ಮೊದಲು ಒಂದು ಸಂಜೆ ಹೊಳೆಯ ದಂಡೆಗೆ ಹೋಗಿದ್ದೆವು. ಹನ್ನೆರಡು ಜನರಿಗೂ ಸೇರಿಸಿ ಒಂದೇ ಫಾತಿಹಾ ಓದಿದೆವು. ಮೇಲೆ ಬಜಪೆಗೆ ಇಳಿಯುವ ವಿಮಾನವೊಂದು ಚಕ್ರಗಳನ್ನು ಹೊರಗೆ ಹಾಕಿಕೊಂಡು, ದೀಪ ಹಚ್ಚಿಕೊಂಡು, ತಗ್ಗಿನಲ್ಲಿ ಬರುತ್ತಿತ್ತು. ಅದು ಗುಡ್ಡದ ಹಿಂದೆ ಮರೆಯಾಗುವ ತನಕ ನಿಂತು ನೋಡಿದೆವು.